ತಳವಾರನ ಸರಹದ್ದು

ಕಳ್ಳನ ಹೆಜ್ಜೆ ಊರ ಗಡಿ ದಾಟಿತೆಂದರೆ ಕಳವಿನ ಹೊಣೆಯೂ ಗಡಿ ದಾಟುತ್ತಿತ್ತು. ಪೇಶ್ವೆಯ ಆಳ್ವಿಕೆ ಮುಗಿದ ಹೊಸತರಲ್ಲಿ, 1819ರಲ್ಲಿ, ಮೌಂಟ್‌ಸ್ಟುವರ್ಟ್ ಎಲ್ಫಿನ್‌ಸ್ಟನ್ ಈಸ್ಟ್ ಇಂಡಿಯಾ ಕಂಪನಿ ಸರ್ಕಾರಕ್ಕೆ ಬರೆದ ವರದಿಯಲ್ಲಿ ಈ ಪದ್ಧತಿಯ ವಿವರವಿದೆ. ಆತ ವರದಿ ಮಾಡಿದ ಸೀಮೆಯಲ್ಲಿ ಧಾರವಾಡದ ಕಡೆಯ ಕನ್ನಡ ನಾಡೂ ಸೇರಿತ್ತು. ರಾತ್ರಿ ಯಾರದೋ ಮನೆಗೆ ಕನ್ನ ಬಿದ್ದರೆ ಊರ ಕಾವಲಿನವನು ಜಾಡು ಹಿಡಿದು ಹೊರಡಬೇಕು. ಜಾಡು ಪಕ್ಕದೂರಿನ ಸರಹದ್ದಿನೊಳಗೆ ಹೋಗಿದೆಯೆಂದು ಅಲ್ಲಿನ ಕಾವಲಿನವನಿಗೆ ಮನವರಿಕೆ ಮಾಡಿಕೊಟ್ಟರೆ ಇವನ ಪಾಲಿನ ಕೆಲಸ ಮುಗಿಯಿತು, ಮುಂದಿನದು ಅವನದು. ಹೀಗೆ ಊರಿಂದೂರಿಗೆ ಕೈ ಬದಲಾಗುತ್ತ ಹೋದ ಜಾಡು ಕೊನೆಗೆ ಯಾವ ಊರಿನ ನೆಲದಲ್ಲಿ ಕಾಣದಾಗುತ್ತದೋ ಆ ಊರು ಕಳುವಾದ ಮಾಲಿನ ಬೆಲೆ ಕಟ್ಟಿಕೊಡಬೇಕು. ಕಾವಲಿನವನು ತನ್ನ ಕೈಲಾದಷ್ಟು, ಉಳಿದದ್ದು ಊರಿನವರೆಲ್ಲ ಕೂಡಿ.

ಇದು ಅನ್ಯಾಯವೇ ಎಂದು ಎಲ್ಫಿನ್‌ಸ್ಟನ್ ಒಪ್ಪಿಕೊಳ್ಳುತ್ತಾನೆ. ಕಳ್ಳತನ ತಡೆಯಲು ಊರಿಗೆ ಶಕ್ತಿಯಿರಲಿಕ್ಕಿಲ್ಲ, ದಂಡ ಕಟ್ಟಲು ದುಡ್ಡೂ ಇರಲಿಕ್ಕಿಲ್ಲ. ಪೂರ್ತಿ ಮೊತ್ತವನ್ನು ಜುಲುಮೆಯಿಂದ ವಸೂಲು ಮಾಡಿದ್ದು ಅಪರೂಪವಂತೆ. ಆದರೆ ಕಾವಲಿನವನು ಕಳ್ಳನ ಜೊತೆ ಕೈ ಜೋಡಿಸಿದ್ದು ಗೊತ್ತಾದರೆ ಕಾಲಿಗೆ ಬೇಡಿ, ಮೈಗೆ ಏಟು. ಇಲ್ಲವೆಂದರೆ ಅವನ ಇನಾಂ ಹೊಲವನ್ನು ಕಿತ್ತು ಅವನದೇ ಹತ್ತಿರದ ದಾಯಾದಿಗೆ ಕೊಡುತ್ತಿದ್ದರು. ಊರೊಳಗಿನ ಶಿಕ್ಷೆಗಳಲ್ಲಿ ಇದಕ್ಕಿಂತ ಜಾಣತನದ್ದು ಇನ್ನೊಂದಿರಲಿಕ್ಕಿಲ್ಲ. ಹೊಲ ಮನೆತನದಲ್ಲೇ ಉಳಿಯುತ್ತದೆ, ಕಾವಲೂ ನಿಲ್ಲುವುದಿಲ್ಲ, ತಪ್ಪು ಮಾಡಿದವನು ಮಾತ್ರ ದಿನಾ ದಾಯಾದಿಯ ಮುಖ ನೋಡುತ್ತ ಬದುಕಬೇಕು.

ಈ ಕಾವಲಿನವನಿಗೆ ಕನ್ನಡ ನಾಡಿನ ಬಹುಪಾಲು ಕಡೆ ಇದ್ದ ಹೆಸರು ತಳವಾರ. ಮೂಡಲ ಸೀಮೆಯಲ್ಲಿ ತಳಾರಿ ಎಂದರು. ಬೆಳಗಾವಿ, ವಿಜಯಪುರದ ಕಡೆ ಇದೇ ಬಗೆಯ ಚಾಕರಿ ವಾಲೀಕಾರನದು, ಕರಾವಳಿಯಲ್ಲಿ ಪಟೇಲ ಶಾನುಭೋಗರ ಹಿಂದೆ ನಡೆಯುತ್ತಿದ್ದವನು ಉಗ್ರಾಣಿ. ಹಳೆ ಮೈಸೂರಿನ ಹಳ್ಳಿಗಳಲ್ಲಿ ಊರ ಚಾಕರಿಯ ಹನ್ನೆರಡು ಆಯಗಾರರ ಲೆಕ್ಕ ಹಿಡಿದರೆ ಗೌಡ, ಶಾನುಭೋಗರ ಬೆನ್ನಿಗೇ ತಳವಾರ, ತೋಟಿ, ನೀರಗಂಟಿಯ ಹೆಸರು ಬರುತ್ತದೆ. ಬಡಗಿ, ಕಮ್ಮಾರ, ಕುಂಬಾರ, ಅಗಸ, ಕ್ಷೌರಿಕ, ಅಕ್ಕಸಾಲಿ, ಪಂಚಾಂಗ ಹೇಳುವವರೆಲ್ಲ ಆಮೇಲೆ. ಮೈಸೂರಿನಲ್ಲಿ ರೆಸಿಡೆಂಟನಾಗಿದ್ದ ಮಾರ್ಕ್ ವಿಲ್ಕ್ಸ್ 1810ರಲ್ಲಿ ಪ್ರಕಟಿಸಿದ ಇತಿಹಾಸದಲ್ಲಿ ಈ ಹನ್ನೆರಡು ಮಂದಿಯ ವ್ಯವಸ್ಥೆಯನ್ನು ವಿವರಿಸುತ್ತ, ಪ್ರತಿಯೊಂದು ಹಳ್ಳಿಯೂ ಒಂದು ಪುಟ್ಟ ಗಣರಾಜ್ಯವೆಂಬಂತೆ ಬಣ್ಣಿಸಿದ. ಆ ಬಣ್ಣನೆ ಆಮೇಲೆ ಎಷ್ಟೋ ಪುಸ್ತಕಗಳಿಗೆ ದಾಟಿತು. ಗಣರಾಜ್ಯದ ಕಾವಲಿಗೆ ರಾತ್ರಿಯಿಡೀ ಎದ್ದಿರುತ್ತಿದ್ದವನ ಕತೆ ಅಷ್ಟಾಗಿ ದಾಟಲಿಲ್ಲ.

ಮೂಲದಲ್ಲಿ ತಳವಾರಿಕೆ ಕೆಳಗಿನ ಹುದ್ದೆಯೇನೂ ಆಗಿರಲಿಲ್ಲ. ಮೂರನೆಯ ಶತಮಾನದ ಇಕ್ಷ್ವಾಕು ಅರಸರ ಕಾಲದ ನಾಗಾರ್ಜುನಕೊಂಡದ ಶಾಸನಗಳಲ್ಲಿ ‘ಮಹಾತಳವರ’ ಎಂಬುದು ಅರಸು ಮನೆತನದೊಡನೆ ನೆಂಟಸ್ತಿಕೆ ಬೆಳೆಸುತ್ತಿದ್ದ ದೊಡ್ಡವರ ಪದವಿ. ಮುಂದೆ ಕನ್ನಡ ಶಾಸನಗಳಲ್ಲಿ ತಳಾರರು ಊರು, ಪೇಟೆಗಳ ಕಾವಲಿನ ಅಧಿಕಾರಿಗಳಾಗಿ ಸಿಗುತ್ತಾರೆ. ಕಾವಲಿನ ಖರ್ಚಿಗೆಂದು ಎತ್ತುತ್ತಿದ್ದ ‘ತಳಾರಿಕೆ’ ತೆರಿಗೆ ದತ್ತಿ ಶಾಸನಗಳ ತೆರಿಗೆ ಪಟ್ಟಿಗಳಲ್ಲಿ ಕಾಣಿಸಿಕೊಳ್ಳುತ್ತದೆ. ಹನ್ನೆರಡನೆಯ ಶತಮಾನದ ವಚನಕಾರರಲ್ಲಿ ಮಾದಾರ, ಡೋಹರ, ಅಂಬಿಗರಂತೆ ಕಸುಬನ್ನೇ ಹೆಸರಿನ ಮುಂದೆ ಇಟ್ಟುಕೊಂಡ ತಳವಾರ ಕಾಮಿದೇವಯ್ಯನೂ ಇದ್ದಾನೆ. ಇಷ್ಟು ಎತ್ತರದಲ್ಲಿದ್ದ ಹೆಸರು ಕೆಲವು ನೂರು ವರ್ಷಗಳಲ್ಲಿ ಹಳ್ಳಿಯ ಚಾವಡಿಯ ಜಗಲಿಗೆ ಇಳಿದು ಬಂತು.

ನಗರದ ಕಾವಲು ಹೇಗಿತ್ತೆಂಬುದನ್ನು ಪರ್ಷಿಯಾದ ರಾಯಭಾರಿ ಅಬ್ದುರ್ ರಜಾಕ್ ಹೇಳುತ್ತಾನೆ. 1443ರಲ್ಲಿ ಇಮ್ಮಡಿ ದೇವರಾಯನ ವಿಜಯನಗರಕ್ಕೆ ಬಂದವನು ಅವನು. ಟಂಕಸಾಲೆಯ ಎದುರಿಗೇ ನಗರಾಧಿಕಾರಿಯ ಕಚೇರಿ, ಅದರ ಕೈಕೆಳಗೆ ಹನ್ನೆರಡು ಸಾವಿರ ಕಾವಲಿನವರು ಎಂಬುದು ಅವನು ಕೊಡುವ ಲೆಕ್ಕ. ಅವರ ಸಂಬಳಕ್ಕೆ ದಿನಕ್ಕೆ ಹನ್ನೆರಡು ಸಾವಿರ ಪಣ ಬೇಕು, ಅದು ಬರುತ್ತಿದ್ದದ್ದು ಸೂಳೆಗೇರಿಯ ತೆರಿಗೆಯಿಂದ. ಲೆಕ್ಕದಲ್ಲಿ ಪ್ರವಾಸಿಗರ ಉತ್ಪ್ರೇಕ್ಷೆಯಿದ್ದರೂ ಇರಬಹುದು. ಅವನು ಕಣ್ಣಾರೆ ಕಂಡ ಒಂದು ಪ್ರಸಂಗ ಮಾತ್ರ ನಂಬುವಂತಿದೆ. ಅವನ ಜೊತೆಗಾರ ಕರೆತಂದಿದ್ದ ಕೆಲವು ಗುಲಾಮರು ಓಡಿಹೋದರು. ದೂರು ಹೋದ ಮೇಲೆ ಅಧಿಕಾರಿ ಆ ಕೇರಿಯ ಕಾವಲಿನವರಿಗೆ ಅಪ್ಪಣೆ ಮಾಡಿದ: ಗುಲಾಮರನ್ನು ಹಿಡಿದು ತನ್ನಿ, ಇಲ್ಲವೆ ಬೆಲೆ ಕಟ್ಟಿ. ಅವರು ಬೆಲೆ ಎಷ್ಟೆಂದು ಕೇಳಿ ತಿಳಿದುಕೊಂಡು ಕಟ್ಟಿಬಿಟ್ಟರು. ಅದು ನಗರದ ತೀರಾ ಬಡವರ ಕೇರಿಯಾಗಿತ್ತೆಂಬುದನ್ನೂ ರಜಾಕ್ ದಾಖಲಿಸಿದ್ದಾನೆ. ಎಲ್ಫಿನ್‌ಸ್ಟನ್ ಕಂಡ ಹಳ್ಳಿಯ ಕಟ್ಟಳೆಗೂ ಇದಕ್ಕೂ ನಡುವೆ ಮುನ್ನೂರ ಎಪ್ಪತ್ತಕ್ಕೂ ಹೆಚ್ಚು ವರ್ಷಗಳ ಅಂತರವಿದೆ. ಕಳೆದದ್ದನ್ನು ಕಾಯುವವನೇ ತುಂಬಿಕೊಡಬೇಕೆಂಬ ನಿಯಮ ಮಾತ್ರ ಬದಲಾಗಿರಲಿಲ್ಲ.

ಹಳ್ಳಿಯ ತಳವಾರನಿಗೆ ತಿಂಗಳ ಸಂಬಳವೆಂಬುದಿರಲಿಲ್ಲ. ಅವನ ಬದುಕು ಎರಡರ ಮೇಲೆ ನಿಂತಿತ್ತು. ಒಂದು, ಕಂದಾಯವಿಲ್ಲದ ಅಥವಾ ಜೋಡಿ ಎಂಬ ಅಲ್ಪ ಕಂದಾಯದ ಇನಾಂ ಹೊಲ. ಇನ್ನೊಂದು, ಕಣದಲ್ಲಿ ರೈತ ಕೊಡುವ ಆಯ. ಸುಗ್ಗಿಯ ಕಾಲದಲ್ಲಿ ರಾಶಿಯ ಸುತ್ತ ನಡೆಯುತ್ತಿದ್ದ ಹಂಚಿಕೆಯನ್ನು ಫ್ರಾನ್ಸಿಸ್ ಬುಕಾನನ್ 1800ರ ಮೈಸೂರು ಪ್ರವಾಸದಲ್ಲಿ ಕೂತು ಬರೆದುಕೊಂಡಿದ್ದಾನೆ. ಸರ್ಕಾರ ಮತ್ತು ರೈತ ತಮ್ಮ ತಮ್ಮ ಪಾಲು ಅಳೆದುಕೊಳ್ಳುವ ಮೊದಲೇ ದೇವರಿಗೆ, ಬ್ರಾಹ್ಮಣರಿಗೆ, ದಾಸಯ್ಯ ಜಂಗಮರಿಗೆ, ಊರ ಚಾಕರಿಯವರಿಗೆ ಇಂತಿಷ್ಟೆಂದು ತೆಗೆಯಬೇಕಿತ್ತು. ಅಲ್ಲಿಯ ತನಕ ರಾಶಿಯನ್ನು ಯಾರೂ ಮುಟ್ಟುವಂತಿಲ್ಲ. ರಾಶಿಯ ಮೇಲೆ ಮುದ್ರೆ ಒತ್ತುತ್ತಿದ್ದರು, ಮುದ್ರೆ ಕೆಡದಂತೆ ಕಣದಲ್ಲೇ ಕಂಬಳಿ ಹೊದ್ದು ಮಲಗುವುದು ಕಾವಲಿನವನ ಪಾಲಿಗೆ ಬಂದ ಕೆಲಸ. ಸರ್ಕಾರದ ಪಾಲನ್ನು ರೈತ ಕದಿಯದಂತೆ ಕಾಯುವವನಿಗೆ ಕೂಲಿ ಕೊಡುವವನೂ ಅದೇ ರೈತ. ಈ ಎರಡು ಋಣಗಳ ನಡುವೆ ಅವನು ದಿನ ದೂಡುತ್ತಿದ್ದ.

ತಳವಾರ, ತೋಟಿ ಇಬ್ಬರನ್ನೂ ಒಂದೇ ಉಸಿರಿನಲ್ಲಿ ಹೇಳುವ ರೂಢಿ ಇಂದಿಗೂ ಇದೆ. ಕೆಲಸ ಒಂದೇ ಆಗಿರಲಿಲ್ಲ. 1812ರಲ್ಲಿ ಬ್ರಿಟಿಷ್ ಪಾರ್ಲಿಮೆಂಟಿನ ಮುಂದೆ ಬಂದ ಐದನೆಯ ವರದಿ ಈ ವ್ಯತ್ಯಾಸವನ್ನು ಗುರುತಿಸುತ್ತದೆ. ಅಪರಾಧಗಳ ಸುಳಿವು ಹಿಡಿಯುವುದು, ದಾರಿಹೋಕರನ್ನು ಒಂದೂರಿನಿಂದ ಇನ್ನೊಂದೂರಿಗೆ ಜೋಪಾನವಾಗಿ ಮುಟ್ಟಿಸುವುದು ತಳವಾರನ ಕೆಲಸ. ಊರೊಳಗೇ ಇದ್ದು ಬೆಳೆ ಕಾಯುವುದು, ಕಾಳು ಅಳೆಯುವಾಗ ನೆರವಾಗುವುದು ತೋಟಿಯದು. ವರದಿಯಲ್ಲಿ ಕಾಣದ ಇನ್ನೊಂದು ವ್ಯತ್ಯಾಸ ಜಾತಿಯದು. ತಳವಾರಿಕೆ ಬಹಳಷ್ಟು ಕಡೆ ಬೇಡ, ನಾಯಕ ಮನೆತನಗಳಲ್ಲಿತ್ತು. ತೋಟಿ ಬಹುಪಾಲು ಹೊಲಗೇರಿಯವನು.

ಹೊಲಗೇರಿಯ ಕುಳವಾಡಿಯ ವಿಷಯ ಇಲ್ಲಿ ಕೊಂಚ ನಿಧಾನವಾಗಿ ನೋಡಬೇಕಾದ್ದು. ಊರ ನಡುವೆ ಕಾಲಿಡಲು ಬಿಡದ ಮನುಷ್ಯನ ಮಾತನ್ನು ಊರ ಗಡಿಯ ವಿಷಯದಲ್ಲಿ ಯಾರೂ ಮೀರುವಂತಿರಲಿಲ್ಲ. ಮೈಸೂರು ಸೀಮೆಯಲ್ಲಿದ್ದ ಕ್ಯಾಪ್ಟನ್ ಜೆ. ಎಸ್. ಎಫ್. ಮೆಕೆಂಜಿ 1873ರಲ್ಲಿ ‘ಇಂಡಿಯನ್ ಆಂಟಿಕ್ವೆರಿ’ ಪತ್ರಿಕೆಯಲ್ಲಿ ಇದನ್ನು ವಿವರಿಸಿದ. ಎರಡು ಊರುಗಳಿಗೆ ಗಡಿ ತಗಾದೆ ಬಂದರೆ ಕುಳವಾಡಿಯನ್ನು ಕರೆಸುತ್ತಿದ್ದರು. ಊರ ಮಣ್ಣನ್ನೇ ಉಂಡೆ ಕಟ್ಟಿ, ಅದರ ನಡುವೆ ನೀರಿಟ್ಟು, ಅವನ ತಲೆಯ ಮೇಲೆ ಇಡುತ್ತಿದ್ದರು. ಅದನ್ನು ಹೊತ್ತು ಅವನು ಗಡಿಗುಂಟ ನಡೆಯಬೇಕು. ಸರಿಯಾದ ಗಡಿಯಲ್ಲೇ ನಡೆದರೆ ಉಂಡೆ ಇದ್ದಂತೆಯೇ ಇರುತ್ತದೆ. ತನ್ನೂರಿನ ಎಲ್ಲೆ ಮೀರಿ ಆಚೆ ಕಾಲಿಟ್ಟರೆ ಉಂಡೆ ತಾನಾಗಿ ಒಡೆದುಹೋಗುತ್ತದೆ, ಅವನು ಹದಿನೈದು ದಿನಗಳಲ್ಲಿ ಸಾಯುತ್ತಾನೆ, ಅವನ ಮನೆ ಹಾಳು ಬೀಳುತ್ತದೆ ಎಂಬುದು ನಂಬಿಕೆ. ಮಣ್ಣು ಒಡೆಯುವುದು ಬಿಡುವುದು ಅದರ ಹದಕ್ಕೆ ಬಿಟ್ಟದ್ದು. ನಡೆಯುವವನ ನಡಿಗೆಯಲ್ಲಿನ ಅಂಜಿಕೆ ಮಾತ್ರ ಗಡಿ ಬಲ್ಲವರಿಗೆ ಸಾಕ್ಷಿಯಾಗಿ ಸಾಲುತ್ತಿತ್ತು. ಸರ್ವೆ ಇಲಾಖೆಯ ಸರಪಳಿ, ಬಾಂದುಕಲ್ಲು ಬರುವ ತನಕ ಎಷ್ಟೋ ಊರುಗಳ ನಕಾಶೆ ಹೀಗೆ ಒಬ್ಬನ ತಲೆಯ ಮೇಲೆ, ತಲೆಯೊಳಗೆ ಇತ್ತು. ಊರ ಸರಹದ್ದಿನಲ್ಲಿ ಸತ್ತ ದನದ ಚರ್ಮ ಅವನ ಹಕ್ಕು. ಆ ಹಕ್ಕಿನ ಬೆಲೆಯನ್ನು ಲೆಕ್ಕ ಹಾಕಿದವರು ಯಾರೂ ಇಲ್ಲ.

ಕಾವಲಿನ ಇನಾಂ ಹೊಲಕ್ಕೆ ಕೈ ಹಾಕಿದರೆ ಏನಾಗುತ್ತದೆಂಬುದಕ್ಕೆ ಕಿತ್ತೂರಿನ ಉದಾಹರಣೆ ಇದೆ. ಸಂಗೊಳ್ಳಿ ರಾಯಣ್ಣನನ್ನು ಇಂದಿನ ಪ್ರತಿಮೆಗಳು ಕತ್ತಿ ಹಿರಿದ ಸೇನಾನಿಯಾಗಿಯೇ ತೋರಿಸುತ್ತವೆ. ಅವನ ಕಸುಬು ಶೇತಸನದಿಯದು. ಸನದಿನ ಮೇಲೆ ಹೊಲ ಉಣ್ಣುತ್ತ, ಊರಿಗೆ ಕಾವಲಾಗಿ, ಸಂಸ್ಥಾನ ಕರೆದಾಗ ಆಯುಧ ಹಿಡಿದು ಹೊರಡುವ ಹಳ್ಳಿಯ ಪಡೆಯವರಿಗೆ ಆ ಹೆಸರು. 1824ರಲ್ಲಿ ಕಿತ್ತೂರು ಕಂಪನಿಯ ಕೈಸೇರಿದ ಮೇಲೆ ಈ ಹೊಲಗಳ ಮೇಲೆ ಕಂದಾಯದ ಕಣ್ಣು ಬಿತ್ತು. ಕೆಲವನ್ನು ಮುಟ್ಟುಗೋಲು ಹಾಕಿಕೊಂಡರು, ಕೆಲವಕ್ಕೆ ಹೊಸ ತೆರಿಗೆ ಹೇರಿದರು. ರಾಯಣ್ಣನ ಬಂಡಾಯಕ್ಕೆ ರಾಣಿ ಚೆನ್ನಮ್ಮನ ಮೇಲಿನ ನಿಷ್ಠೆ ಒಂದು ಕಾರಣವಾದರೆ ಈ ಹೊಲಗಳು ಇನ್ನೊಂದು. ಅವನ ಬೆನ್ನಿಗೆ ನಿಂತವರಲ್ಲಿ ಅವನಂತೆಯೇ ಸನದು ಕಳೆದುಕೊಂಡವರಿದ್ದರು. ಅವರು ಸುಟ್ಟದ್ದು ಸರ್ಕಾರಿ ಕಚೇರಿಗಳನ್ನು, ಅಲ್ಲಿದ್ದ ಕಾಗದಪತ್ರಗಳನ್ನು. ಕಾಡು, ಕಣಿವೆ, ಕಾಲುದಾರಿಗಳು ಊರ ಕಾವಲಿನವರಿಗೆ ಗೊತ್ತಿದ್ದಷ್ಟು ಕಂಪನಿಯ ಸೈನ್ಯಕ್ಕೆ ಗೊತ್ತಿರಲಿಲ್ಲ. ಕೊನೆಗೆ ನಂಬಿದವರೇ ಹಿಡಿದುಕೊಟ್ಟರು. 1831ರ ಜನವರಿ 26ರಂದು ನಂದಗಡದಲ್ಲಿ ಅವನನ್ನು ಗಲ್ಲಿಗೇರಿಸಲಾಯಿತು.

ಮದರಾಸಿನ ಕಡೆ ಕಂಪನಿ ಬೇರೊಂದು ಪಾಠ ಕಲಿಯುತ್ತಿತ್ತು. ಕಾರ್ನ್‌ವಾಲಿಸ್ ಬಂಗಾಳದಲ್ಲಿ ತಂದಿದ್ದ ದರೋಗಾ ಪದ್ಧತಿಯನ್ನೇ ದಕ್ಷಿಣಕ್ಕೂ ತಂದು, ಅಲ್ಲಲ್ಲಿ ಠಾಣೆ ಹಾಕಿ, ಸಂಬಳದ ಸಿಬ್ಬಂದಿಯನ್ನು ಕೂರಿಸಿದರು. ಠಾಣೆಯವನಿಗೆ ಊರು ಗೊತ್ತಿಲ್ಲ, ಊರಿಗೆ ಅವನ ಮೇಲೆ ನಂಬಿಕೆಯಿಲ್ಲ. ಬಳ್ಳಾರಿ ಸೀಮೆಯನ್ನೊಳಗೊಂಡ ದತ್ತ ಮಂಡಲಗಳಲ್ಲಿ ಕಲೆಕ್ಟರನಾಗಿ, ಅದಕ್ಕೂ ಮೊದಲು ಕೆನರಾದಲ್ಲಿ ದುಡಿದಿದ್ದ ಥಾಮಸ್ ಮನ್ರೋಗೆ ಇದು ಸರಿ ಕಾಣಲಿಲ್ಲ. ಅವನ ಒತ್ತಾಯದಿಂದ 1816ರಲ್ಲಿ ಬಂದ ಹನ್ನೊಂದನೆಯ ರೆಗ್ಯುಲೇಷನ್ನು ಪೊಲೀಸ್ ಕೆಲಸವನ್ನು ಮತ್ತೆ ಊರ ಮುಖ್ಯಸ್ಥ, ಕರಣಿಕ, ತಳಾರಿಗಳ ಕೈಗೆ ಕೊಟ್ಟಿತು.

ಈ ಕಾನೂನಿನ ಒಂದು ಕಲಮನ್ನು ಶಾಲಾ ಪುಸ್ತಕಗಳು ಮರೆತುಬಿಟ್ಟಿವೆ. ಸಣ್ಣಪುಟ್ಟ ಬೈಗುಳ, ಹೊಡೆದಾಟಗಳಿಗೆ ಊರ ಮುಖ್ಯಸ್ಥನು ತಪ್ಪಿತಸ್ಥನನ್ನು ಹನ್ನೆರಡು ತಾಸು ಚಾವಡಿಯಲ್ಲಿ ಕೂಡಿಹಾಕಬಹುದು. ಆದರೆ ಅವನು ಕೆಳಜಾತಿಯವನಾದರೆ ಆರು ತಾಸು ಕೋಳಕ್ಕೆ ಹಾಕಬಹುದು. ಕಾಲು ತೂರಿಸಿ ಬೀಗ ಹಾಕುವ ಮರದ ಕೊರಡು ಅದು. ಒಂದೇ ತಪ್ಪಿಗೆ ಜಾತಿ ನೋಡಿ ಎರಡು ಶಿಕ್ಷೆ. ಹಳ್ಳಿಯ ಪದ್ಧತಿಯನ್ನು ಮನ್ರೋ ಗೌರವಿಸಿದನೆಂದು ಹೇಳುವಾಗ ಯಾವ ಯಾವ ಪದ್ಧತಿಗಳನ್ನು ಗೌರವಿಸಿದನೆಂಬುದನ್ನೂ ಹೇಳಬೇಕಾಗುತ್ತದೆ. ಕೋಳದ ಬೀಗದ ಕೈ ಇರುತ್ತಿದ್ದದ್ದು ಮುಖ್ಯಸ್ಥನ ಬಳಿ. ಕಾಲು ಹಿಡಿದು ತೂರಿಸುವ ಕೆಲಸ ತಳಾರಿಯದು.

ಮದರಾಸಿನಲ್ಲಿ ಕಂದಾಯ ವಸೂಲಿಗಾಗಿ ನಡೆಯುತ್ತಿದ್ದ ಚಿತ್ರಹಿಂಸೆಯ ವಿಚಾರಣೆಗೆ ಕೂತ ಆಯೋಗದ ವರದಿ 1855ರಲ್ಲಿ ಹೊರಬಂತು. ಕಂದಾಯದವರನ್ನೂ ಪೊಲೀಸರನ್ನೂ ಬೇರ್ಪಡಿಸಲೇಬೇಕೆಂಬ ಕೂಗು ಎದ್ದು 1859ರಲ್ಲಿ ಮದರಾಸು ಪೊಲೀಸ್ ಕಾಯ್ದೆ, 1861ರಲ್ಲಿ ಇಡೀ ಬ್ರಿಟಿಷ್ ಇಂಡಿಯಾಕ್ಕೆಂದು ಪೊಲೀಸ್ ಕಾಯ್ದೆ ಬಂದವು. ಮೈಸೂರಿನಲ್ಲಿ ಅರೆ ಸೈನಿಕ, ಅರೆ ಪೊಲೀಸ್ ಆಗಿದ್ದ ಕಂದಾಚಾರದ ಪ್ಯೂನುಗಳ ಜಾಗಕ್ಕೆ ಕ್ರಮೇಣ ಸಮವಸ್ತ್ರದ ಪೊಲೀಸರು ಬಂದರು. ಠಾಣೆ, ಡೈರಿ, ಲಾಠಿ, ಇನ್ಸ್‌ಪೆಕ್ಟರ್ ಎಲ್ಲ ಬಂದ ಮೇಲೂ ತಳವಾರನನ್ನು ಬಿಡಲಾಗಲಿಲ್ಲ. ಒಂದು ಠಾಣೆಗೆ ಹತ್ತಾರು ಹಳ್ಳಿ, ಕಾಲುದಾರಿಯಲ್ಲಿ ನಡೆದು ಬರುವ ಕಾನ್‌ಸ್ಟೆಬಲ್ ಒಬ್ಬ. ಊರಲ್ಲಿ ಯಾರು ಸತ್ತರು, ಯಾರ ಮನೆಗೆ ಅಪರಿಚಿತ ಬಂದ, ಯಾವ ಕೆರೆಯಲ್ಲಿ ಹೆಣ ತೇಲಿತು ಎಂಬ ಸುದ್ದಿಯನ್ನು ಠಾಣೆಗೆ ಮುಟ್ಟಿಸಲು ಬೇರೆ ಗತಿಯಿರಲಿಲ್ಲ.

ಮುಂಬಯಿ ಸರ್ಕಾರ 1867ರಲ್ಲಿ ಗ್ರಾಮ ಪೊಲೀಸ್ ಕಾಯ್ದೆಯನ್ನೇ ಮಾಡಿ, ಊರಿನ ಪೊಲೀಸ್ ಪಾಟೀಲನ ಕೈಕೆಳಗೆ ಈ ಕಾವಲಿನವರನ್ನು ಇಟ್ಟಿತು. ಕಂದಾಯ ನೋಡುವವನು ಮುಲ್ಕಿ ಪಾಟೀಲ, ಕಳ್ಳಕಾಕರನ್ನು ನೋಡುವವನು ಪೊಲೀಸ್ ಪಾಟೀಲ. ನಿಜಾಮನ ಸೀಮೆಯಲ್ಲೂ ಮಾಲಿ ಪಾಟೀಲ, ಪೊಲೀಸ್ ಪಾಟೀಲ ಎಂಬ ಜೋಡಿಯಿತ್ತು. ಹುದ್ದೆ ಹೋದರೂ ಅಡ್ಡಹೆಸರು ಉಳಿಯಿತು. ಕಲಬುರಗಿ, ರಾಯಚೂರು, ಕೊಪ್ಪಳದಲ್ಲಿ ಪೊಲೀಸ್ ಇಲಾಖೆಗೂ ತಮಗೂ ಯಾವ ಸಂಬಂಧವೂ ಇಲ್ಲದ ‘ಪೊಲೀಸ್ ಪಾಟೀಲ’ರು ಇಂದಿಗೂ ಸಿಗುತ್ತಾರೆ.

ವೈಸ್‌ರಾಯ್ ಕರ್ಜನ್ ನೇಮಿಸಿದ, ಆಂಡ್ರ್ಯೂ ಫ್ರೇಸರ್ ಅಧ್ಯಕ್ಷನಾಗಿದ್ದ 1902-03ರ ಪೊಲೀಸ್ ಆಯೋಗ ಈ ವಿಷಯದಲ್ಲಿ ನಿಚ್ಚಳವಾದ ನಿಲುವು ತಳೆಯಿತು. ಊರ ಕಾವಲಿನವನು ಊರಿನ ಚಾಕರಿಯವನಾಗಿಯೇ ಇರಬೇಕು, ಊರ ಮುಖ್ಯಸ್ಥನ ಮಾತು ಕೇಳಬೇಕು, ಅವನನ್ನು ಠಾಣೆಯ ಸಿಪಾಯಿಯನ್ನಾಗಿ ಮಾಡಬಾರದು. ಕಾಗದದ ಮೇಲೆ ಇದು ಒಪ್ಪುವ ಮಾತು. ಊರಿನಲ್ಲಿ ನಡೆದದ್ದು ಬೇರೆ. ಮೈಸೂರಿನಲ್ಲಿ 1908ರ ಗ್ರಾಮ ಹುದ್ದೆಗಳ ಕಾನೂನು ಬರುವ ಹೊತ್ತಿಗೆ ತಳವಾರ, ತೋಟಿ ಇಬ್ಬರೂ ಎಲ್ಲ ಇಲಾಖೆಗಳ ಬಿಟ್ಟಿ ಆಳಾಗಿದ್ದರು. ಕಂದಾಯದ ಹಣದ ಗಂಟನ್ನು ತಾಲ್ಲೂಕು ಖಜಾನೆಗೆ ಹೊರುವುದು, ಅಮಲ್ದಾರರು ಮೊಕ್ಕಾಂ ಮಾಡಿದರೆ ಸೌದೆ, ಹುಲ್ಲು, ಹಾಲು ಒದಗಿಸುವುದು, ಅನಾಥ ಹೆಣವನ್ನು ಡಾಕ್ಟರರ ಬಳಿಗೆ ಸಾಗಿಸುವುದು, ಹುಟ್ಟು ಸಾವಿನ ಲೆಕ್ಕ ಹೇಳುವುದು, ಕಾಲರಾ ಬಂದರೆ ಮನೆ ಮನೆಗೆ ಸಾರುವುದು. ಸಂಜೆ ತಮಟೆ ಹಿಡಿದು, ನಾಳೆ ಜಮಾಬಂದಿ, ಬಾಕಿ ಇರೋರೆಲ್ಲ ಚಾವಡಿಗೆ ಬರಬೇಕ್ರಪ್ಪೋ ಎಂದು ಕೇರಿ ಕೇರಿ ಕೂಗಿ ಬರಬೇಕು. ತಮಟೆ ಬಡಿದವನ ಮನೆಯದೇ ಬಾಕಿಯಿದ್ದರೆ ಮೊದಲ ಬೈಗುಳವೂ ಅವನಿಗೇ. ರಾತ್ರಿಯ ಗಸ್ತಿಗೆ ಉಳಿಯುವ ತ್ರಾಣ ಎಷ್ಟೆಂದು ಯಾರೂ ಕೇಳಲಿಲ್ಲ.

ಇದನ್ನು ಕೇಳಿದವರು ಅಂಬೇಡ್ಕರ್. ಮುಂಬಯಿ ಪ್ರಾಂತದಲ್ಲಿ ಊರ ಚಾಕರಿಗೆ ಬದಲಾಗಿ ವತನದ ಹೊಲ ಉಣ್ಣುತ್ತಿದ್ದ ಮಹಾರ್ ವತನದಾರರ ಸ್ಥಿತಿಯನ್ನು ಅವರು ಶಾಸನಸಭೆಯಲ್ಲಿ ಬಿಡಿಸಿಟ್ಟರು. ಮನೆಯ ಯಜಮಾನನ ಹೆಸರಿನಲ್ಲಿ ವತನ, ಆದರೆ ಅವನು ಊರಲ್ಲಿಲ್ಲದಿದ್ದರೆ ಅಪ್ಪ, ಮಗ, ಮನೆಯ ಯಾರಾದರೊಬ್ಬರು ಹಗಲೂ ರಾತ್ರಿ ಕರೆದ ಕೂಡಲೇ ಓಡಿಬರಬೇಕು. ಪ್ರತಿಫಲವಾಗಿ ಪಾಲಾಗಿ ಪಾಲಾಗಿ ಚಿಂದಿಯಾದ ಹೊಲ, ರೈತ ಮನಸ್ಸಿದ್ದರೆ ಕೊಡುವ ಬಲೂತಿ ಎಂಬ ಕಾಳಿನ ಪಾಲು. 1928ರ ಮಾರ್ಚ್ 19ರಂದು ಅವರು 1874ರ ವಂಶಪಾರಂಪರ್ಯ ಹುದ್ದೆಗಳ ಕಾಯ್ದೆಗೆ ತಿದ್ದುಪಡಿ ಮಂಡಿಸಿದರು. ಬೇಡವೆನ್ನುವವರು ಹೊಲವನ್ನು ಪೂರ್ತಿ ಕಂದಾಯಕ್ಕೆ ಉಳಿಸಿಕೊಂಡು ಚಾಕರಿಯಿಂದ ಬಿಡುಗಡೆ ಪಡೆಯಲಿ, ಮುಂದುವರಿಯುವವರಿಗೆ ಸರಿಯಾದ ಸಂಬಳ ಸಿಗಲಿ ಎಂಬುದು ಅದರ ತಿರುಳು. ಮಸೂದೆ ಕಾನೂನಾಗಲಿಲ್ಲ. ಬೆಳಗಾವಿ, ಧಾರವಾಡ, ವಿಜಯಪುರ, ಕಾರವಾರಗಳೂ ಆಗ ಅದೇ ಪ್ರಾಂತದಲ್ಲಿದ್ದುದರಿಂದ ಕನ್ನಡ ಹಳ್ಳಿಗಳ ಕೆಳಹಂತದ ವತನದಾರರ ಪಾಡೂ ಆ ಚರ್ಚೆಯೊಳಗೇ ಇತ್ತು. ಹಳೆಯ ಕಾಲದ ಊರ ಕಾವಲನ್ನು ನೆನೆದು ಹಲುಬುವವರು ಹೆಚ್ಚಾಗಿ ಆ ಕೆಲಸ ಮಾಡಬೇಕಿಲ್ಲದ ಮನೆಗಳಿಂದ ಬಂದವರು.

ಏಕೀಕರಣದ ನಂತರ ಮೈಸೂರು ರಾಜ್ಯದ ವಿಧಾನಮಂಡಲ ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆಯನ್ನು 1961ರಲ್ಲಿ ಅಂಗೀಕರಿಸಿತು. ಅದು ಜಾರಿಗೆ ಬಂದದ್ದು 1963ರ ಫೆಬ್ರವರಿ 1ರಂದು. ಪಟೇಲ, ಶಾನುಭೋಗರ ವಂಶಪಾರಂಪರ್ಯ ಹಕ್ಕಿನ ಜೊತೆಗೆ ತಳವಾರ, ತೋಟಿ, ನೀರಗಂಟಿಯರದೂ ಹೋಯಿತು. ಶಾನುಭೋಗರು ಸುಪ್ರೀಂ ಕೋರ್ಟಿನ ತನಕ ಹೋದರು, 1966ರಲ್ಲಿ ಕಾಯ್ದೆ ಊರ್ಜಿತವಾಯಿತು. ತಳವಾರರು ಕೋರ್ಟಿಗೆ ಹೋಗುವ ಸ್ಥಿತಿಯಲ್ಲಿರಲಿಲ್ಲ. ಅವರ ಹೊಲಗಳು ಸರ್ಕಾರಕ್ಕೆ ಸೇರಿ, ಹಿಂದೆ ಅನುಭವಿಸುತ್ತಿದ್ದವರಿಗೇ ಮರುಮಂಜೂರಾಗಬೇಕಿತ್ತು. ಮಂಜೂರಾತಿಯ ಕಾಗದ ಕೈಗೆ ಬರುವುದಕ್ಕೂ ಮೊದಲೇ ಎಷ್ಟೋ ಹೊಲಗಳು ಸಾಲಕ್ಕೆ, ಮದುವೆಗೆ ಕೈಬಿಟ್ಟಿದ್ದವು. ಪರಭಾರೆ ತಡೆಯಲು 1978ರಲ್ಲಿ ತಿದ್ದುಪಡಿ ತಂದು, ಮರುಮಂಜೂರಾದ ಜಮೀನನ್ನು ಹದಿನೈದು ವರ್ಷ ಮಾರಬಾರದೆಂದು ಕಟ್ಟು ಹಾಕಿದರು. ಬೆಂಗಳೂರಿನ ಸುತ್ತಮುತ್ತ ತೋಟಿ ಇನಾಂ, ತಳವಾರಿ ಇನಾಂ ಎಂದು ಪಹಣಿಯಲ್ಲಿದ್ದ ಎಕರೆಗಳು ಸೈಟುಗಳಾಗಿ ಎದ್ದು ನಿಂತ ಮೇಲೆ ಈ ತಿದ್ದುಪಡಿಯ ಒಂದೊಂದು ಅಕ್ಷರಕ್ಕೂ ವಕೀಲರು ಬಡಿದಾಡಿದರು. ಮೊಮ್ಮಕ್ಕಳು ಹೂಡಿದ ದಾವೆಗಳಲ್ಲಿ ಅಜ್ಜನ ಚಾಕರಿಯ ದಾಖಲೆ ಹುಡುಕುವ ಕೆಲಸ ಇನ್ನೂ ಮುಗಿದಿಲ್ಲ.

ಕಸುಬು ಹೋದರೂ ಹೆಸರು ಜಾತಿಯಾಗಿ ಉಳಿದದ್ದು ಇನ್ನೊಂದು ತೊಡಕು. ಉತ್ತರ ಕರ್ನಾಟಕದಲ್ಲಿ ತಳವಾರ ಎಂದು ಶಾಲೆಯಲ್ಲಿ ಬರೆಸಿದ ಮಕ್ಕಳಿಗೆ ನಾಯಕ ಸಮುದಾಯದ ಮೀಸಲಾತಿ ಸಿಗಬೇಕೆ ಬೇಡವೆ ಎಂಬ ತಕರಾರು ದಶಕಗಳ ಕಾಲ ನಡೆಯಿತು. 2020ರ ಮಾರ್ಚಿನಲ್ಲಿ ಸಂಸತ್ತಿನ ಕಾಯ್ದೆಯೊಂದು ತಳವಾರ, ಪರಿವಾರ ಎಂಬ ಹೆಸರುಗಳನ್ನು ನಾಯಕದ ಪರ್ಯಾಯ ಹೆಸರುಗಳಾಗಿ ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿಸಿತು.

ಊರಿನ ಕಾವಲು ಯಾರದೆಂಬ ಪ್ರಶ್ನೆ 1963ರಲ್ಲಿ ಉತ್ತರವಿಲ್ಲದೆ ಉಳಿಯಿತು. ಚೀನಾ ಯುದ್ಧದ ವರ್ಷವಾದ 1962ರಲ್ಲಿ ರಾಜ್ಯದಲ್ಲಿ ಗೃಹರಕ್ಷಕ ದಳದ ಕಾಯ್ದೆ ಬಂದಿತ್ತು, 1964ರಲ್ಲಿ ಗ್ರಾಮ ರಕ್ಷಣಾ ದಳಗಳ ಕಾಯ್ದೆಯೂ ಬಂತು. ಹೋಮ್‌ಗಾರ್ಡುಗಳು ಜಾತ್ರೆ, ಚುನಾವಣೆ, ಟ್ರಾಫಿಕ್ಕಿನ ಕೆಲಸದಲ್ಲಿ ದಿನಭತ್ಯೆಯ ಮೇಲೆ ನೆಲೆ ನಿಂತರು. ಗ್ರಾಮ ರಕ್ಷಣಾ ದಳದ ಹೆಸರನ್ನು ಬಹಳಷ್ಟು ಹಳ್ಳಿಯವರು ಕೇಳಿಯೇ ಇಲ್ಲ.

ಇಂಥ ಕೊರತೆ ಕನ್ನಡ ನಾಡಿಗೆ ಮಾತ್ರ ಬಂದದ್ದಲ್ಲ. ಕೇರಿಯ ಮುದಿ ಕಾವಲುಗಾರರನ್ನು ಮನೆಗೆ ಕಳಿಸಿ 1829ರಲ್ಲಿ ಹೊಸ ಪೊಲೀಸ್ ಪಡೆ ಕಟ್ಟಿದ ಲಂಡನ್ನಿನಲ್ಲೂ ನೂರ ಎಪ್ಪತ್ತು ವರ್ಷಗಳ ನಂತರ ಪೊಲೀಸರು ಬೀದಿಯಲ್ಲಿ ಕಾಣುವುದೇ ಇಲ್ಲವೆಂಬ ದೂರು ಎದ್ದಿತು. 2002ರ ಕಾಯ್ದೆಯೊಂದು ‘ಕಮ್ಯುನಿಟಿ ಸಪೋರ್ಟ್ ಆಫೀಸರ್’ ಎಂಬ ಹೊಸ ಹುದ್ದೆ ಹುಟ್ಟುಹಾಕಿತು. ಸಮವಸ್ತ್ರ, ಸಂಬಳ, ಓಡಾಡಲು ಒಂದು ಬಡಾವಣೆ ಎಲ್ಲ ಉಂಟು, ಪೊಲೀಸರಿಗಿರುವ ಬಂಧನದ ಅಧಿಕಾರ ಮಾತ್ರ ಇಲ್ಲ. ಹಾದಿಬೀದಿಯವರು ಅವರನ್ನು ಪ್ಲಾಸ್ಟಿಕ್ ಪೊಲೀಸ್ ಎಂದು ಆಡಿಕೊಂಡರು. ಬಡಾವಣೆಯ ಅಂಗಡಿಯವರಿಗೂ ಶಾಲೆಯವರಿಗೂ ಹೆಸರು ಹಿಡಿದು ಕರೆಯುವಷ್ಟು ಗೊತ್ತಿದ್ದವರೂ ಅವರೇ. 2010ರಲ್ಲಿ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಹದಿನಾರು ಸಾವಿರ ದಾಟಿದ್ದ ಅವರ ಸಂಖ್ಯೆ ಖರ್ಚು ಕಡಿತದ ವರ್ಷಗಳಲ್ಲಿ ತೀರಾ ಇಳಿಯಿತು. ನಾರ್ಫಕ್ ಪೊಲೀಸರು 2018ರಲ್ಲಿ ಆ ಹುದ್ದೆಯನ್ನೇ ತೆಗೆದುಹಾಕಿದರು. ಸರ್ಕಾರಕ್ಕೆ ದುಡ್ಡು ಸಾಲದಾದಾಗ ಮೊದಲು ಕತ್ತರಿ ಬೀಳುವುದು ಬೀದಿಯಲ್ಲಿ ಸುಮ್ಮನೆ ನಡೆದಾಡುವವನ ಮೇಲೆ. ಅವನು ತಡೆದ ಕಳವು ಯಾವ ರಿಜಿಸ್ಟರಿನಲ್ಲೂ ದಾಖಲಾಗಿರುವುದಿಲ್ಲವಲ್ಲ.

ಬೆಂಗಳೂರಿನಲ್ಲಿ 2013ರಲ್ಲಿ ಜನಾಗ್ರಹ ಸಂಸ್ಥೆ ಮತ್ತು ನಗರ ಪೊಲೀಸರು ಕೂಡಿ ‘ಏರಿಯಾ ಸುರಕ್ಷಾ ಮಿತ್ರ’ ಎಂಬ ಸ್ವಯಂಸೇವಕರನ್ನು ಗೊತ್ತು ಮಾಡಿದರು. ಇದ್ದ ಬಡಾವಣೆಯಲ್ಲೇ ಠಾಣೆಗೂ ಜನಕ್ಕೂ ನಡುವೆ ನಿಲ್ಲುವ ಕೆಲಸ ಅವರದು. 2017ರಲ್ಲಿ ರಾಜ್ಯದ ಪೊಲೀಸರು ಸುಧಾರಿತ ಗಸ್ತು ವ್ಯವಸ್ಥೆ ತಂದು, ಹಳ್ಳಿ, ಬಡಾವಣೆಗಳನ್ನು ಬೀಟುಗಳಾಗಿ ವಿಂಗಡಿಸಿ, ಬೀಟಿಗೆ ಒಬ್ಬರಂತೆ ಸಿಬ್ಬಂದಿಯನ್ನು ಹೊಣೆ ಮಾಡಿದರು. ಬೀಟಿನ ನಾಗರಿಕರ ಸಭೆ ಕರೆಯಬೇಕು, ಫೋನ್ ನಂಬರು ಕೊಡಬೇಕು, ಊರಿನ ತಂಟೆ ತಕರಾರು ಮೊದಲು ಅವರ ಕಿವಿಗೆ ಬೀಳಬೇಕು. 2025ರ ಜುಲೈಯಲ್ಲಿ ‘ಮನೆ ಮನೆಗೆ ಪೊಲೀಸ್’ ಎಂಬ ಹೆಸರಿನಲ್ಲಿ ಇದು ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ಬೀಟಿನ ಸಿಬ್ಬಂದಿ ತಾವೇ ಬಾಗಿಲು ತಟ್ಟಿ, ಮನೆಯವರ ಪರಿಚಯ ಮಾಡಿಕೊಂಡು, ದೂರು ದುಮ್ಮಾನ ಬರೆದುಕೊಂಡು ಹೋಗಬೇಕೆಂಬ ಯೋಜನೆ ಇದು.

ಬಾಗಿಲು ತೆರೆದವರಲ್ಲಿ ಕೆಲವರು ಕೂರಿಸಿ ಕಾಫಿ ಕೊಡುತ್ತಾರೆ, ಕೆಲವರು ಗ್ರಿಲ್ಲಿನ ಆಚೆಯಿಂದಲೇ ‘ಏನು ಸಾರ್, ನಮ್ಮ ಮನೆಗೆ ಯಾಕೆ?’ ಎಂದು ಗಾಬರಿಯಾಗುತ್ತಾರೆ. ಪಕ್ಕದ ಮನೆಯವರು ಏನಂದುಕೊಳ್ಳುತ್ತಾರೋ ಎಂಬ ಚಿಂತೆ ಬೇರೆ. ಬೀಟಿನ ಕಾನ್‌ಸ್ಟೆಬಲ್ಲಿಗೂ ತೊಂದರೆ ತಪ್ಪಿದ್ದಲ್ಲ. ಬಂದೋಬಸ್ತು, ಕೋರ್ಟಿನ ಸಮನ್ಸು, ರಾತ್ರಿ ಪಾಳಿ ಮುಗಿಸಿಕೊಂಡು ಉಳಿದ ಹೊತ್ತಿನಲ್ಲಿ ಅವನು ಮನೆ ಮನೆ ತಿರುಗಬೇಕು. ಕೇರಿಯ ಮುಖಗಳು, ಜಗಳಗಳು, ಬೀದಿನಾಯಿಗಳು ಎಲ್ಲ ಗುರುತಾಗುವ ಹೊತ್ತಿಗೆ ವರ್ಗಾವಣೆಯ ಆದೇಶ ಬಂದು, ಅವನ ಬೀಟ್ ಪುಸ್ತಕ ಮುಂದಿನವನ ಕೈಗೆ ಹೋಗುತ್ತದೆ.